ಚೆಸ್ ಪಜಲ್ ಬಿಡಿಸುವುದು ಹೇಗೆ? ಎದುರಿಗೆ ಕೂತವರ ಉತ್ತರವನ್ನೂ ಹುಡುಕಿ

ಮೈಸೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಮಗುವನ್ನು ಸೇರಿಸಲು ಬರುವ ಅಪ್ಪ ಅಮ್ಮಂದಿರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು: “ಮೇಡಂ, ದಿನಕ್ಕೆ ಎಷ್ಟು ಪಜಲ್ ಮಾಡಿಸ್ಬೇಕು?” ಪಜಲ್ ಎಂದರೆ ಬೋರ್ಡಿನ ಒಂದು ಸ್ಥಿತಿ ಕೊಟ್ಟು ಸರಿಯಾದ ನಡೆ ಹುಡುಕಿಸುವುದು. ಐದು ಸಾಕು ಅಂತೀನಿ. ಅವರಿಗೆ ಅದು ತೀರಾ ಕಡಿಮೆ ಅನಿಸುತ್ತದೆ. ಪಕ್ಕದ ಮನೆ ಹುಡುಗ ಫೋನಿನಲ್ಲಿ ದಿನಕ್ಕೆ ನೂರು ಮಾಡ್ತಾನಂತೆ. ಮಾಡಲಿ. ಆದರೆ ಆ ನೂರರಲ್ಲಿ ಎಷ್ಟು ಪಜಲ್‌ನಲ್ಲಿ ಎದುರಾಳಿ ಏನು ಮಾಡಬಹುದಿತ್ತು ಎಂದು ಆ ಹುಡುಗನನ್ನೇ ಕೇಳಿ ನೋಡಿ. ಹೆಚ್ಚಿನವಕ್ಕೆ ಅವನ ಹತ್ತಿರ ಉತ್ತರ ಇರುವುದಿಲ್ಲ. ಅವನು ಹುಡುಕಿದ್ದು ಮೊದಲ ನಡೆಯನ್ನು ಮಾತ್ರ. ಉಳಿದದ್ದನ್ನು ಫೋನೇ ಆಡಿ ಮುಗಿಸಿದೆ.

ಮೊದಲ ನಡೆ ಸಿಕ್ಕರೆ ಪಜಲ್ ಬಿಡಿಸಿದಂತಾಗಲಿಲ್ಲ. ಆ ನಡೆಗೆ ಎದುರಾಳಿಯ ಒಳ್ಳೆಯ ಉತ್ತರ ಯಾವುದು, ಅದಕ್ಕೆ ನಾನೇನು ಮಾಡುತ್ತೇನೆ, ಅವನ ಎರಡನೇ ಉತ್ತರಕ್ಕೆ ಏನು ಮಾಡುತ್ತೇನೆ, ಇಷ್ಟೂ ತಲೆಯಲ್ಲಿ ಮುಗಿದ ಮೇಲೆ ಕೈ ಕಾಯಿಯ ಹತ್ತಿರ ಹೋಗಬೇಕು. ಪಜಲ್‌ನಿಂದ ಆಟ ಸುಧಾರಿಸುವುದು ಹೀಗೆ ಬಿಡಿಸಿದರೆ ಮಾತ್ರ.

ಮನೆಯಲ್ಲಿ ಬೋರ್ಡ್ ಇದ್ದರೆ ಈಗಲೇ ತೆಗೆದು ಜೋಡಿಸಿ. ಮನೆಗಳ ಹೆಸರಿನಲ್ಲಿ ಅಕ್ಷರ ಅಂದರೆ ಬಿಳಿಯವರ ಎಡದಿಂದ ಎಷ್ಟನೇ ಕಂಬಸಾಲು (ಎ ಇಂದ ಎಚ್), ಅಂಕಿ ಅಂದರೆ ಬಿಳಿಯವರ ಕಡೆಯಿಂದ ಎಷ್ಟನೇ ಅಡ್ಡಸಾಲು. ಬಿಳಿ: ರಾಜ ಜಿ1, ರಾಣಿ ಇ2, ಆನೆ (ರೂಕ್) ಇ1, ಪಾನ್‌ಗಳು (ಕಾಲಾಳುಗಳು) ಎಫ್2, ಜಿ2, ಎಚ್2. ಕಪ್ಪು: ರಾಜ ಜಿ8, ರಾಣಿ ಸಿ7, ಆನೆ ಡಿ8, ಪಾನ್‌ಗಳು ಎಫ್7, ಜಿ7, ಎಚ್7. ನಡೆ ಬಿಳಿಯದು.

ಸ್ವಲ್ಪ ಆಡಿದವರಿಗೆ ಬೇಗ ಕಣ್ಣಿಗೆ ಬೀಳುತ್ತದೆ. ಬಿಳಿ ರಾಣಿ ನೇರ ಇ8ಕ್ಕೆ ಹೋಗಿ ಚೆಕ್. ಕಪ್ಪು ರಾಜನಿಗೆ ಓಡಲು ಜಾಗ ಇಲ್ಲ, ಆನೆ ರಾಣಿಯನ್ನು ಹೊಡೆಯಲೇಬೇಕು. ರಾಣಿಯ ಹಿಂದೆ ನಿಂತಿದ್ದ ಬಿಳಿ ಆನೆ ಬಂದು ಇ8ರಲ್ಲಿ ಹೊಡೆದರೆ ಮೇಟ್, ಅಂದರೆ ತಪ್ಪಿಸಿಕೊಳ್ಳಲಾಗದ ಚೆಕ್, ಆಟ ಮುಗಿಯಿತು. ರಾಜನ ಮುಂದೆ ಅವನದೇ ಮೂರು ಪಾನ್‌ಗಳು ಗೋಡೆ ಹಾಗೆ ನಿಂತಿವೆ.

ಈಗ ಎಲ್ಲ ಕಾಯಿಗಳನ್ನೂ ಮೊದಲಿದ್ದಲ್ಲಿ ಇಟ್ಟು, ಡಿ6ರಲ್ಲಿ ಒಂದು ಕಪ್ಪು ಒಂಟೆ (ಬಿಷಪ್) ಸೇರಿಸಿ. ಮತ್ತೆ ಅದೇ ಲೆಕ್ಕ ಹಾಕಿ. ರಾಣಿ ಇ8 ಚೆಕ್, ಆನೆ ಹೊಡೆಯಿತು, ಬಿಳಿ ಆನೆ ಹೊಡೆದು ಚೆಕ್. ಆಗ ಒಂಟೆ ಡಿ6ರಿಂದ ಎಫ್8ಕ್ಕೆ ಬಂದು ಅಡ್ಡ ನಿಲ್ಲುತ್ತದೆ. ಮೇಟ್ ಇಲ್ಲ. ಬಿಳಿಯವರು ರಾಣಿ ಕೊಟ್ಟು ಆನೆ ತೆಗೆದುಕೊಂಡಂತಾಯಿತು. ಆಟ ಸೋತಂತೆಯೇ.

ಒಂಟೆಯನ್ನು ತೆಗೆದುಬಿಡಿ. ಈ ಸಲ ಎಚ್7ರ ಕಪ್ಪು ಪಾನ್ ಅನ್ನು ಎಚ್6ಕ್ಕೆ ಸರಿಸಿ. ಅದೇ ನಡೆಗಳನ್ನು ಆಡಿದರೆ ಕೊನೆಯ ಚೆಕ್‌ಗೆ ರಾಜ ಎಚ್7ಕ್ಕೆ ಜಾರಿಕೊಳ್ಳುತ್ತಾನೆ. ಮತ್ತೆ ರಾಣಿ ಹೋಯಿತು.

ಮೂರೂ ಸ್ಥಿತಿಗಳು ದೂರದಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಮೊದಲನೆಯದನ್ನು ಕಂಠಪಾಠ ಮಾಡಿದ ಮಗು ಉಳಿದೆರಡರಲ್ಲೂ ಅದೇ ರಾಣಿಯನ್ನು ಖುಷಿಯಿಂದ ಕೊಟ್ಟುಬಿಡುತ್ತದೆ. ಅದಕ್ಕೇ ನಾನು ಹೊಸಬರಿಗೆ ಪಜಲ್ ಕೊಡುವಾಗ ಜೋಡಿಯಾಗಿ ಕೊಡುತ್ತೇನೆ. ಒಂದರಲ್ಲಿ ಉಪಾಯ ಫಲಿಸುತ್ತದೆ, ಇನ್ನೊಂದರಲ್ಲಿ ಒಂದೇ ಒಂದು ಕಾಯಿ ಬೇರೆ ಕಡೆ ಇದ್ದು ಕೈ ಕೊಡುತ್ತದೆ. ಯಾವುದು ಯಾವುದು ಎಂದು ಮಾತ್ರ ಹೇಳುವುದಿಲ್ಲ. ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವವರೂ ಇದನ್ನು ಮಾಡಬಹುದು. ಬಿಡಿಸಿ ಮುಗಿದ ಪಜಲ್‌ನಲ್ಲಿ ಯಾವ ಕಾಯಿ ಎಲ್ಲಿಗೆ ಸರಿದರೆ ಉತ್ತರ ಕೆಡುತ್ತದೆ ಎಂದು ಹುಡುಕಿ. ಉಪಾಯ ಯಾವುದರ ಮೇಲೆ ನಿಂತಿದೆ ಎಂಬುದು ಆಗ ಚೆನ್ನಾಗಿ ತಲೆಗೆ ಹೋಗುತ್ತದೆ.

ಇನ್ನು ಬಿಡಿಸುವ ಕ್ರಮ. ಫೋನಿನಲ್ಲಿ ಪಜಲ್ ತೆಗೆದರೂ ಅದನ್ನು ಬೋರ್ಡಿನ ಮೇಲೆ ಜೋಡಿಸಿಕೊಳ್ಳಿ. ಟೂರ್ನಮೆಂಟಿನಲ್ಲಿ ಆಡುವುದು ಬೋರ್ಡಿನ ಮೇಲೆ ತಾನೇ, ಕಣ್ಣು ಅದಕ್ಕೇ ಒಗ್ಗಬೇಕು. ಜೋಡಿಸುವಾಗಲೇ ಅರ್ಧ ಕೆಲಸ ಆಗುತ್ತದೆ. ಪ್ರತಿ ಕಾಯಿ ಇಡುವಾಗಲೂ ಅದು ಎಲ್ಲೆಲ್ಲಿ ನೋಡುತ್ತಿದೆ ಎಂದು ಕೇಳಿಕೊಳ್ಳಿ. ಆಮೇಲೆ ಕೈ ಕಟ್ಟಿ ಕೂರಬೇಕು.

ಮೊದಲು ಚೆಕ್‌ಗಳನ್ನೆಲ್ಲ ನೋಡಿ. ಎಷ್ಟೇ ಪೆದ್ದು ಅನಿಸಿದರೂ ಒಂದನ್ನೂ ಬಿಡಬೇಡಿ. ರಾಣಿಯನ್ನು ಸುಮ್ನೆ ಕೊಡುವಂತೆ ಕಾಣುವ ಚೆಕ್‌ನಲ್ಲೇ ಎಷ್ಟೋ ಸಲ ಉತ್ತರ ಇರುತ್ತದೆ. ಆಮೇಲೆ ಹೊಡೆಯುವ ನಡೆಗಳು. ಕೊನೆಗೆ ಬೆದರಿಕೆಗಳು, ಅಂದರೆ ಈ ನಡೆ ಆಡಿದರೆ ಮುಂದಿನ ನಡೆಯಲ್ಲಿ ಮೇಟ್ ಅಥವಾ ದೊಡ್ಡ ಕಾಯಿ ಸಿಗುತ್ತದೆ ಎನ್ನುವಂಥವು. ಈ ಕ್ರಮಕ್ಕೆ ಕಾರಣ ಇದೆ. ಚೆಕ್ ಕೊಟ್ಟಾಗ ಎದುರಾಳಿಗೆ ಉತ್ತರಗಳು ಕಡಿಮೆ, ಎಣಿಸುವುದು ಸುಲಭ. ಬೆದರಿಕೆಗೆ ಉತ್ತರಗಳು ಜಾಸ್ತಿ, ಎಣಿಕೆ ಕಷ್ಟ. ಸುಲಭದ್ದನ್ನು ಮೊದಲು ಮುಗಿಸಿಕೊಂಡರೆ ತಲೆ ಹಗುರವಾಗುತ್ತದೆ.

ನಡೆ ಸಿಕ್ಕಿತು ಅನಿಸಿದ ಕೂಡಲೇ ನಮ್ಮ ಕೋಣೆಯಲ್ಲಿ ಒಂದು ನಿಯಮ ಇದೆ: ಎದ್ದು ಎದುರಿನ ಕುರ್ಚಿಯಲ್ಲಿ ಕೂರಬೇಕು. ಈಗ ನೀನು ಕಪ್ಪು. ನಿನ್ನ ಮೇಲೆ ಈ ದಾಳಿ ಬಂದಿದೆ, ತಪ್ಪಿಸಿಕೋ. ಮಕ್ಕಳಿಗೆ ಇದು ಆಟದ ಥರ ಇರುತ್ತದೆ, ಓಡಾಡುತ್ತಾ ಮಾಡುತ್ತಾರೆ. ದೊಡ್ಡವರು ಮೊದಮೊದಲು ಸಂಕೋಚ ಪಡುತ್ತಾರೆ. ಅಂಥವರು ಬೋರ್ಡನ್ನೇ ತಿರುಗಿಸಿಕೊಳ್ಳಬಹುದು. ಕುರ್ಚಿ ಬದಲಿಸಿದ ಕೂಡಲೇ, ಅಷ್ಟು ಹೊತ್ತು ಕಾಣದಿದ್ದ ಒಂಟೆ ಕಾಣುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನಮ್ಮ ಕಡೆಯಿಂದ ಕೂತಾಗ ಕಣ್ಣು ನಮ್ಮ ಕಾಯಿಗಳನ್ನೇ ಪ್ರೀತಿಯಿಂದ ನೋಡುತ್ತಿರುತ್ತದೆ, ಅಲ್ವಾ?

ಇದಾದ ಮೇಲೆ ಬರೆಯಬೇಕು. 200 ಪುಟದ ರೂಲ್ಡ್ ನೋಟ್‌ಬುಕ್ ಸಾಕು. ನನ್ನ ನಡೆ, ಅವನ ಉತ್ತರ, ನನ್ನ ನಡೆ. ಉತ್ತರ ಎರಡಿದ್ದರೆ ಎರಡು ಸಾಲು. ಮೇಲಿನ ಮೊದಲ ಪಜಲ್‌ಗೆ ಹೀಗೆ ಬರುತ್ತದೆ: “ರಾಣಿ ಇ8 ಚೆಕ್. ಆನೆ ಹೊಡೆಯುತ್ತೆ, ಬೇರೆ ನಡೆ ಇಲ್ಲ. ಆನೆ ಇ8 ಮೇಟ್.” ನಡುವಿನ “ಬೇರೆ ನಡೆ ಇಲ್ಲ” ಎಂಬ ಮಾತಿಗೆ ಬೆಲೆ ಜಾಸ್ತಿ. ಅದನ್ನು ಬರೆಯಬೇಕೆಂದರೆ ನಿಜವಾಗಿಯೂ ಹುಡುಕಿರಬೇಕು. ಬರೆದ ಮೇಲೆಯೇ ಉತ್ತರ ತೆಗೆದು ನೋಡುವುದು.

ಫೋನನ್ನು ನಾನು ಬೇಡ ಅನ್ನುವವಳಲ್ಲ. ಲಿಚೆಸ್ ಎಂಬ ಚೆಸ್ ಜಾಲತಾಣ ಪೂರ್ತಿ ಉಚಿತ, ಜಾಹೀರಾತು ಇಲ್ಲ. ಜನ ಅಲ್ಲಿ ನಿಜವಾಗಿ ಆಡಿದ ಆಟಗಳಿಂದ ಆರಿಸಿದ ಲಕ್ಷಗಟ್ಟಲೆ ಪಜಲ್‌ಗಳು ಅದರಲ್ಲಿವೆ. ಹಳ್ಳಿಯಲ್ಲಿ ಕೋಚ್ ಇಲ್ಲದ ಮಗುವಿಗೂ ಅದು ಸಿಗುತ್ತದೆ. ಹಿಂದಿನವರಿಗೆ ಇಂಥದ್ದು ಕನಸಿನಲ್ಲೂ ಇರಲಿಲ್ಲ. ಆದರೆ ಅದರ ಒಂದು ಗುಣವನ್ನು ತಿಳಿದಿರಬೇಕು. ಫೋನ್ ಎದುರಾಳಿಯ ಒಂದೇ ಉತ್ತರವನ್ನು ಆಡಿ ತೋರಿಸುತ್ತದೆ. ನೀವು ಹೆದರಿದ್ದ ಇನ್ನೊಂದು ಉತ್ತರ ತೆರೆಯ ಮೇಲೆ ಬರುವುದೇ ಇಲ್ಲ. ಹಸಿರು ಗುರುತು ಬಂತೆಂದು ಮುಂದಕ್ಕೆ ಹೋದರೆ ಅದು ಹಾಗೇ ಉಳಿಯಿತು. ಪಜಲ್ ಮುಗಿದ ಮೇಲೆ ಅನಾಲಿಸಿಸ್ ಬೋರ್ಡ್ ತೆಗೆದು, ಆ ಇನ್ನೊಂದು ಉತ್ತರವನ್ನು ನೀವೇ ಆಡಿ ನೋಡಿ. ಇನ್ನೊಂದು ಮಾತು: ಮೂರು ನಿಮಿಷದಲ್ಲಿ ಎಷ್ಟಾಗುತ್ತದೋ ಅಷ್ಟು ಎನ್ನುವ ಪಜಲ್ ಓಟಗಳು ಮಜಾ ಕೊಡುತ್ತವೆ, ಗೊತ್ತಿರುವುದನ್ನು ಚುರುಕು ಮಾಡುತ್ತವೆ. ಹೊಸದನ್ನು ಕಲಿಸುವುದು ಕಡಿಮೆ. ವಾರದ ಕೊನೆಗೆ ಇಟ್ಟುಕೊಳ್ಳಿ.

ಮಟ್ಟ ಯಾವುದಿರಬೇಕು ಎಂಬುದಕ್ಕೆ ನನ್ನ ಲೆಕ್ಕ ಸರಳ. ಹತ್ತರಲ್ಲಿ ಏಳೆಂಟು ಸರಿ ಬರಬೇಕು, ಪ್ರತಿಯೊಂದಕ್ಕೂ ಸ್ವಲ್ಪ ಬೆವರಬೇಕು. ಹತ್ತೂ ಸರಿ ಬಂದರೆ ಸುಲಭವಾಯಿತು, ನಾಲ್ಕೇ ಬಂದರೆ ಮಗು ಊಹೆ ಮಾಡಲು ಶುರು ಮಾಡುತ್ತದೆ. ಊಹೆ ಅಭ್ಯಾಸವಾದರೆ ಆ ಚಟ ಬಿಡಿಸುವುದು ಬಹಳ ಕಷ್ಟ. ಒಂದು ಪಜಲ್‌ಗೆ ಹತ್ತು ನಿಮಿಷ ಕೊಡಿ. ದಾರಿಯೇ ಕಾಣದಿದ್ದರೆ ಬಿಟ್ಟು, ಮಾರನೇ ದಿನ ಇನ್ನೊಮ್ಮೆ ಕೂತು, ಆಮೇಲೆ ಉತ್ತರ ನೋಡಿ.

ತಪ್ಪಿದ ಪಜಲ್‌ಗಳೇ ನಿಜವಾದ ಆಸ್ತಿ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಅವುಗಳಿಗೆ ಜಾಗ ಮಾಡಿ, ಯಾಕೆ ತಪ್ಪಿತು ಎಂದು ಬರೆಸುತ್ತೇನೆ. “ಗಮನ ಕೊಡಲಿಲ್ಲ” ಎಂದು ಬರೆದರೆ ಒಪ್ಪುವುದಿಲ್ಲ, ಅದರಿಂದ ಏನೂ ಗೊತ್ತಾಗುವುದಿಲ್ಲ. ಹೆಚ್ಚು ಕಡಿಮೆ ಎಲ್ಲ ತಪ್ಪುಗಳೂ ಮೂರು ಬಗೆಯವು. ಸರಿಯಾದ ನಡೆ ತಲೆಗೇ ಬರಲಿಲ್ಲ. ನಡೆ ಬಂತು, ಆದರೆ ಎದುರಾಳಿಯ ಉತ್ತರ ತಪ್ಪಿಹೋಯಿತು. ಅಥವಾ ನಡೆಗಳನ್ನು ತಲೆಯಲ್ಲಿ ಆಡುವಾಗ ಕಾಯಿಗಳ ಜಾಗ ಕಲಸಿಹೋಯಿತು, ಅಂದರೆ ಹೊಡೆಸಿಕೊಂಡು ಹೋದ ಕುದುರೆ ಇನ್ನೂ ಅಲ್ಲೇ ಇದೆ ಅಂದುಕೊಂಡದ್ದು. ಮೂರಕ್ಕೂ ಮದ್ದು ಬೇರೆ ಬೇರೆ.

ಎರಡನೆಯದಕ್ಕೆ ಮದ್ದು ಕುರ್ಚಿ ಬದಲಿಸುವುದು. ನಮ್ಮಲ್ಲಿಗೆ ಬರುವ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ತಪ್ಪುಗಳ ಪುಟಗಳನ್ನು ಒಟ್ಟಿಗೆ ಓದಿದಾಗ ಒಂದು ವಿಷಯ ಎದ್ದು ಕಂಡಿತು. ಅವಳು ಒಂದು ಕಾಯಿ ಹೊಡೆದರೆ ಎದುರಾಳಿ ಕೂಡಲೇ ತಿರುಗಿ ಹೊಡೆಯುತ್ತಾನೆ ಎಂದೇ ಲೆಕ್ಕ ಹಾಕುತ್ತಿದ್ದಳು. ಅವನು ನಡುವೆ ಒಂದು ಚೆಕ್ ಕೊಟ್ಟು, ರಾಜನನ್ನು ಸರಿಸಿ, ಆಮೇಲೆ ನಿಧಾನಕ್ಕೆ ಹೊಡೆದುಕೊಳ್ಳುತ್ತಿದ್ದ. ಬೇರೆ ಬೇರೆ ಪಜಲ್, ತಪ್ಪು ಮಾತ್ರ ಒಂದೇ. ಅವಳು ಪುಟದ ಮೇಲೆ ಕೆಂಪು ಪೆನ್ನಿನಲ್ಲಿ “ನಡುವೆ ಚೆಕ್ ಇದೆಯಾ?” ಎಂದು ಬರೆದುಕೊಂಡಳು. ಈಗ ಆಟದಲ್ಲೂ ಹೊಡೆಯುವ ಮೊದಲು ಒಂದು ಕ್ಷಣ ನಿಲ್ಲುತ್ತಾಳೆ. ನೂರು ಪಜಲ್‌ನ ಹುಡುಗನಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ, ಅವನ ತಪ್ಪುಗಳು ಫೋನಿನೊಳಗೆ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ.

ಮೂರನೆಯ ಬಗೆಗೆ ಕುದುರೆ ಒಳ್ಳೆಯ ಗುರು. ಬೋರ್ಡ್ ನೋಡದೆ ಹೇಳಿ: ಎ1ರಲ್ಲಿರುವ ಕುದುರೆ ಓರೆಯಲ್ಲಿ ಪಕ್ಕದಲ್ಲೇ ಇರುವ ಬಿ2ಕ್ಕೆ ಹೋಗಲು ಎಷ್ಟು ನಡೆ ಬೇಕು? ತೀರಾ ಹತ್ತಿರ ಕಾಣುತ್ತದೆ, ಆದರೆ ನಾಲ್ಕು ನಡೆ ಬೇಕು. ಸಿ2, ಇ3, ಸಿ4, ಬಿ2. ಇಂಥವನ್ನು ಮಕ್ಕಳು ಆಟೋದಲ್ಲಿ ಬರುವಾಗ ಒಬ್ಬರಿಗೊಬ್ಬರು ಕೇಳಿಕೊಳ್ಳುತ್ತಾರೆ. ನಮ್ಮೂರಿಗೂ ಈ ಕುದುರೆಗೂ ಹಳೆಯ ನಂಟಿದೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಪ್ರಶ್ನೆಗಳೆಂದರೆ ಬಹಳ ಆಸಕ್ತಿ. ಕುದುರೆ 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರುವ ದಾರಿಗಳನ್ನು ಅವರು ಕಟ್ಟಿದ್ದರು. ಅದನ್ನು ಪೂರ್ತಿ ಮಾಡಿದರೆ ಆಟ ಗೆಲ್ಲುತ್ತೀರಿ ಎಂದಲ್ಲ. 64 ಮನೆಯ ಬೋರ್ಡ್ ಮಾತ್ರ ಕಣ್ಣು ಮುಚ್ಚಿದರೂ ಕಾಣುವಷ್ಟು ಹತ್ತಿರವಾಗುತ್ತದೆ.

ಮೊದಲ ಬಗೆಗೆ, ಅಂದರೆ ನಡೆ ತಲೆಗೇ ಬಾರದಿದ್ದರೆ, ಮಾದರಿಗಳು ಸಾಲದು ಎಂದರ್ಥ. ರಾಣಿಯನ್ನು ಜಿ8ರಲ್ಲಿ ಕೊಟ್ಟು, ಅದನ್ನು ಆನೆಯಿಂದಲೇ ಹೊಡೆಸಿ, ಎಚ್8ರ ರಾಜ ತನ್ನ ಕಾಯಿಗಳ ನಡುವೆಯೇ ಸಿಕ್ಕಿಬಿದ್ದಾಗ ಕುದುರೆ ಎಫ್7ಕ್ಕೆ ಬಂದು ಮೇಟ್ ಮಾಡುವ ಸ್ಮದರ್ಡ್ ಮೇಟ್ ಗೊತ್ತಲ್ಲ? ಸ್ಪೇನಿನ ಲುಸೆನಾ 1497ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲೇ ಅದು ಇದೆ. ಒಮ್ಮೆ ನೋಡದವರು ಆಟದ ನಡುವೆ ಅದನ್ನು ಸ್ವಂತವಾಗಿ ಕಂಡುಹಿಡಿಯುವುದು ಬಹಳ ಕಷ್ಟ. ನೋಡಿದವರಿಗೆ ಅದು ಬಾಗಿಲಲ್ಲಿ ಕಂಡ ಪರಿಚಯದ ಮುಖದ ಹಾಗೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ನಿಜವಾದ ಆಟದ ಸ್ಥಿತಿಯನ್ನು ಐದು ಸೆಕೆಂಡ್ ತೋರಿಸಿ, ನೆನಪಿನಿಂದ ಜೋಡಿಸಲು ಹೇಳಿದರು. ಮಾಸ್ಟರ್ ಆಟಗಾರ ಹೊಸಬನಿಗಿಂತ ಎಷ್ಟೋ ಪಾಲು ಜಾಸ್ತಿ ಕಾಯಿಗಳನ್ನು ಸರಿಯಾಗಿ ಇಟ್ಟ. ಅದೇ ಕಾಯಿಗಳನ್ನು ಅಡ್ಡಾದಿಡ್ಡಿ ಚೆಲ್ಲಿ ತೋರಿಸಿದಾಗ ಆ ವ್ಯತ್ಯಾಸ ಉಳಿಯಲಿಲ್ಲ. ದೊಡ್ಡ ಆಟಗಾರರ ನೆನಪಿನ ಶಕ್ತಿ ಮೂಲತಃ ಬೇರೆ ಅಲ್ಲ. ಅವರ ತಲೆಯಲ್ಲಿ ಮಾದರಿಗಳು ತುಂಬಿವೆ.

ಹಾಗಾಗಿ ಬಿಡಿಸಿದ್ದನ್ನೇ ಮತ್ತೆ ಬಿಡಿಸಬೇಕು. ಸ್ವೀಡನ್ನಿನ ಹನ್ಸ್ ಟಿಕ್ಕನೆನ್ ಒಂದೇ ರಾಶಿ ಪಜಲ್‌ಗಳನ್ನು ಮೊದಲು ನಿಧಾನವಾಗಿ, ಆಮೇಲೆ ಪ್ರತಿ ಸುತ್ತಿನಲ್ಲೂ ಸಮಯ ಕಡಿಮೆ ಮಾಡುತ್ತಾ ತಿರುಗಿ ತಿರುಗಿ ಬಿಡಿಸಿದರು. 2010ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಪಟ್ಟಕ್ಕೆ ಬೇಕಾದ ಮೂರೂ ನಾರ್ಮ್‌ಗಳು, ಅಂದರೆ ಟೂರ್ನಮೆಂಟಿನಲ್ಲಿ ಆ ಮಟ್ಟದ ಆಟ ಆಡಿ ಗಳಿಸುವ ಅರ್ಹತೆಗಳು, ಅವರಿಗೆ ಸಾಲಾಗಿ ಸಿಕ್ಕವು. ಅವರ ರಾಶಿ ಸಾವಿರದ ಲೆಕ್ಕದ್ದು. ಶಾಲೆ, ಹೋಂವರ್ಕ್ ಇರುವ ಮಕ್ಕಳಿಗೆ ನೂರಿಪ್ಪತ್ತು ಪಜಲ್‌ಗಳ ಒಂದು ಕಟ್ಟು ಸಾಕು. ಮೊದಲ ಸುತ್ತು ಒಂದು ತಿಂಗಳು, ಎರಡನೆಯದು ಎರಡು ವಾರ, ಮೂರನೆಯದು ಒಂದು ವಾರ. ಮೂರನೇ ಸುತ್ತಿನಲ್ಲಿ ಉತ್ತರ ನೆನಪಿದ್ದರೆ ಪರವಾಗಿಲ್ಲ, ಆದರೆ ಎದುರಾಳಿಯ ಉತ್ತರವನ್ನೂ ಬಾಯಿಬಿಟ್ಟು ಹೇಳಬೇಕು.

ಈಗ ನನಗೆ ತುಂಬಾ ಇಷ್ಟವಾದ ಒಂದು ಸ್ಥಿತಿ. ಬೋರ್ಡಿನಲ್ಲಿ ನಾಲ್ಕೇ ಕಾಯಿ. ಬಿಳಿ ರಾಜ ಬಿ6, ಬಿಳಿ ಪಾನ್ ಸಿ6. ಕಪ್ಪು ರಾಜ ಎ1, ಕಪ್ಪು ಆನೆ ಡಿ5. ಬಿಳಿಯ ನಡೆ, ಬಿಳಿ ಗೆಲ್ಲಬೇಕು.

ಪಾನ್ ಸಿ7ಕ್ಕೆ. ಆನೆ ಡಿ6ಕ್ಕೆ ಬಂದು ಚೆಕ್. ರಾಜ ಎಲ್ಲಿಗೆ? ಬಿ7ಕ್ಕೆ ಹೋದರೆ ಆನೆ ಡಿ7ಕ್ಕೆ ಬಂದು ಪಾನ್ ಅನ್ನು ರಾಜನಿಗೆ ಕಟ್ಟಿಹಾಕುತ್ತದೆ. ಸಿ5ಕ್ಕೆ ಹೋದರೆ ಆನೆ ಡಿ1ಕ್ಕೆ ಓಡುತ್ತದೆ. ಆಮೇಲೆ ಪಾನ್ ರಾಣಿಯಾದರೂ ಸಿ1ರಿಂದ ಚೆಕ್ ಬಿದ್ದು ರಾಣಿ ಹೋಗುತ್ತದೆ. ಹಾಗಾಗಿ ಬಿ5. ಆನೆ ಡಿ5ರಿಂದ ಚೆಕ್, ರಾಜ ಬಿ4. ಆನೆ ಡಿ4ರಿಂದ ಚೆಕ್, ರಾಜ ಬಿ3. ಆನೆ ಡಿ3ರಿಂದ ಚೆಕ್, ರಾಜ ಸಿ2. ಇನ್ನು ಆನೆ ಕಳೆದುಕೊಳ್ಳದೆ ಕೊಡುವ ಚೆಕ್ ಉಳಿದಿಲ್ಲ, ಪಾನ್ ರಾಣಿಯಾಗುವುದು ಖಂಡಿತ. ಇಲ್ಲಿಗೆ ಬಂದವರು ಪೆನ್ನು ಕೆಳಗಿಡುತ್ತಾರೆ.

ಕುರ್ಚಿ ಬದಲಿಸಿ. ಕಪ್ಪಿನವರು ಆನೆಯನ್ನು ಡಿ4ಕ್ಕೆ ಇಡುತ್ತಾರೆ. ಬಿಳಿ ರಾಣಿ ಮಾಡಿಕೊಂಡರೆ ಆನೆ ಸಿ4ಕ್ಕೆ ಬಂದು ಚೆಕ್. ರಾಣಿ ಆ ಆನೆಯನ್ನು ಹೊಡೆದರೆ ಎ1ರ ರಾಜನಿಗೆ ಒಂದೂ ನಡೆ ಇಲ್ಲ, ಚೆಕ್ಕೂ ಇಲ್ಲ. ಸ್ಟೇಲ್‌ಮೇಟ್, ಡ್ರಾ. ಹೊಡೆಯದಿದ್ದರೆ ರಾಣಿಯೇ ಹೋಗುತ್ತದೆ.

1895ರಲ್ಲಿ ಗ್ಲಾಸ್ಗೋ ನಗರದ ಒಂದು ವಾರಪತ್ರಿಕೆಯ ಚೆಸ್ ಅಂಕಣದಲ್ಲಿ ಜಾರ್ಜ್ ಬಾರ್ಬಿಯೆ ಈ ಸ್ಥಿತಿಯನ್ನು, ಪಾನ್ ಸಿ7ಕ್ಕೆ ಬಂದಲ್ಲಿಂದ, ಡ್ರಾ ಎಂದೇ ಅಚ್ಚು ಹಾಕಿದ್ದರು. ಆ ಊರಿನಲ್ಲಿದ್ದ ಸ್ಪೇನ್ ಮೂಲದ ಪಾದ್ರಿ ಫರ್ನಾಂಡೊ ಸವೇದ್ರಾ ಇನ್ನೊಂದು ಸಲ ನೋಡಿದರು. ಸಿ8ರಲ್ಲಿ ರಾಣಿಯ ಬದಲು ಆನೆ ತೆಗೆದುಕೊಂಡರೆ? ಆಗ ಸಿ4ರಲ್ಲಿ ಆನೆ ಹೊಡೆದರೂ ಎ2 ಮನೆ ಖಾಲಿ ಇರುತ್ತದೆ, ಸ್ಟೇಲ್‌ಮೇಟ್ ಇಲ್ಲ. ಬಿಳಿಯ ಹೊಸ ಆನೆ ಎ8ರಲ್ಲಿ ಮೇಟ್ ಬೆದರಿಸುತ್ತಿದೆ, ಹಾಗಾಗಿ ಕಪ್ಪು ಆನೆ ಎ4ಕ್ಕೆ ಓಡಲೇಬೇಕು. ಬಿಳಿ ರಾಜ ಬಿ3ಕ್ಕೆ. ಒಂದೇ ನಡೆಯಲ್ಲಿ ಎ4ರ ಆನೆಗೂ ಕುತ್ತು, ಸಿ1ರಲ್ಲಿ ಮೇಟ್‌ನ ಬೆದರಿಕೆಯೂ. ಕಪ್ಪಿಗೆ ಉಳಿಗಾಲ ಇಲ್ಲ. ಸವೇದ್ರಾ ದೊಡ್ಡ ಆಟಗಾರರಲ್ಲ. ಚೆಸ್ ಲೋಕ ಅವರನ್ನು ಇವತ್ತಿಗೂ ನೆನೆಯುವುದು ಈ ಒಂದು ನಡೆಗೆ. ಎಲ್ಲರೂ ಮುಗಿಯಿತು ಎಂದು ಎದ್ದ ಕಡೆ ಅವರು ಇನ್ನೂ ಕೂತಿದ್ದರು. ಕಪ್ಪಿನ ಉಪಾಯವನ್ನು ಪೂರ್ತಿ ಅರ್ಥ ಮಾಡಿಕೊಂಡವರಿಗೆ ಮಾತ್ರ ಆ ಆನೆ ಹೊಳೆಯುತ್ತದೆ.

ಇಂಥ ಎಂಡ್‌ಗೇಮ್ ಸ್ಟಡಿಗಳನ್ನು, ಅಂದರೆ ಕೆಲವೇ ಕಾಯಿ ಉಳಿದ ಆಟದ ಕೊನೆಯ ಹಂತದ ಮೇಲೆ ಕಟ್ಟಿದ ಪಜಲ್‌ಗಳನ್ನು, ತರಬೇತಿಗೆ ಬಳಸುವುದು ಹಳೆಯ ಪದ್ಧತಿ. ರಷ್ಯಾದ ಹೆಸರಾಂತ ತರಬೇತುದಾರ ಮಾರ್ಕ್ ದ್ವೊರೆತ್ಸ್ಕಿ ತಮ್ಮ ಶಿಷ್ಯರಿಗೆ ಇವನ್ನು ಧಾರಾಳವಾಗಿ ಕೊಡುತ್ತಿದ್ದರು. ನಾನು ವಾರಕ್ಕೊಂದು ಕೊಡುತ್ತೇನೆ, ಅದೂ ಕಾಯಿಗಳು ಕಡಿಮೆ ಇರುವಂಥದ್ದು.

ಪತ್ರಿಕೆಗಳಲ್ಲಿ ಬರುವ “ಎರಡು ನಡೆಯಲ್ಲಿ ಮೇಟ್” ಬಗ್ಗೆಯೂ ಕೇಳುತ್ತಾರೆ. ಯಾರೋ ಕೂತು ಕಟ್ಟಿದ ಸಮಸ್ಯೆಗಳು ಅವು, ನಿಜವಾದ ಆಟದಿಂದ ಬಂದವಲ್ಲ. ಮೊದಲ ನಡೆ ಹೆಚ್ಚಾಗಿ ಚೆಕ್ ಆಗಿರುವುದಿಲ್ಲ, ತಣ್ಣಗಿನ ನಡೆಯಾಗಿರುತ್ತದೆ. ಮಾದರಿ ಕಲಿಯಲು ಅವು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಆದರೆ ಕಪ್ಪಿನ ಪ್ರತಿಯೊಂದು ಉತ್ತರಕ್ಕೂ ಮೇಟ್ ತೋರಿಸದೆ ಅವು ಮುಗಿಯುವುದೇ ಇಲ್ಲ, ಹಾಗಾಗಿ ನಾನು ಹೇಳುವ ಅಭ್ಯಾಸಕ್ಕೆ ತುಂಬಾ ಒಳ್ಳೆಯವು. ಸಮಸ್ಯೆ ಬಿಡಿಸುವುದರಲ್ಲೇ ವಿಶ್ವ ಚಾಂಪಿಯನ್‌ಷಿಪ್ ಇದೆ. ಇಂಗ್ಲೆಂಡಿನ ಗ್ರ್ಯಾಂಡ್‌ಮಾಸ್ಟರ್ ಜಾನ್ ನನ್ 2004, 2007, 2010ರಲ್ಲಿ ಅದನ್ನು ಗೆದ್ದರು. ನಮ್ಮ ವಿಶ್ವನಾಥನ್ ಆನಂದ್ ಬಾಲ್ಯದ ಕತೆಯೂ ಇದೇ. ಅಪ್ಪನ ಕೆಲಸದ ಮೇಲೆ ಕುಟುಂಬ ಮನಿಲಾದಲ್ಲಿದ್ದಾಗ ಅಲ್ಲಿನ ಟಿವಿಯಲ್ಲಿ ಮಧ್ಯಾಹ್ನ ಚೆಸ್ ಕಾರ್ಯಕ್ರಮ ಬರುತ್ತಿತ್ತು. ಮಗ ಶಾಲೆಯಲ್ಲಿರುತ್ತಿದ್ದ. ಅಮ್ಮ ಸುಶೀಲಾ ಪಜಲ್ ಬರೆದಿಟ್ಟುಕೊಳ್ಳುತ್ತಿದ್ದರು, ಸಂಜೆ ಇಬ್ಬರೂ ಕೂತು ಬಿಡಿಸಿ ಉತ್ತರ ಕಳಿಸುತ್ತಿದ್ದರು. ಬಹುಮಾನ ಒಂದು ಪುಸ್ತಕ. ಗೆದ್ದೂ ಗೆದ್ದೂ, ಕೊನೆಗೆ ಕಾರ್ಯಕ್ರಮದವರು ಹುಡುಗನನ್ನು ಕರೆದು, ಬೇಕಾದಷ್ಟು ಪುಸ್ತಕ ತೆಗೆದುಕೊಂಡು ಹೋಗು, ಇನ್ನು ಉತ್ತರ ಮಾತ್ರ ಕಳಿಸಬೇಡ ಎಂದರಂತೆ. ಚೆಸ್ ಬಾರದ ಅಪ್ಪ ಅಮ್ಮಂದಿರಿಗೆ ಈ ಕತೆ ಹೇಳುತ್ತೇನೆ. ಎದುರಿಗೆ ಕೂತು “ಅವನು ಹೀಗೆ ಮಾಡಿದರೆ ನೀನೇನು ಮಾಡ್ತೀಯ?” ಎಂದು ಕೇಳಲು ಕಾಯಿ ನಡೆಸುವುದು ಗೊತ್ತಿದ್ದರೆ ಸಾಕು.

ಇಷ್ಟೆಲ್ಲ ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಪಜಲ್ ಎಂದರೆ ಏನೋ ಇದೆ ಎಂದು ಮೊದಲೇ ಹೇಳಿಬಿಟ್ಟಂತೆ. ಆಟದಲ್ಲಿ ಹಾಗೆ ಹೇಳುವವರು ಯಾರೂ ಇರುವುದಿಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟ. ಇಬ್ಬರಿಗೂ ಸಮ ಅಂಕ. 55ನೇ ನಡೆಯಲ್ಲಿ ಚೀನಾದ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ಇಟ್ಟರು, ಆನೆಗೆ ಆನೆ ಹೊಡೆಸಿಕೊಳ್ಳೋಣ ಎಂದು. ಅವರ ಒಂಟೆ ಎ8ರ ಮೂಲೆಯಲ್ಲಿತ್ತು. ಎದುರಿಗಿದ್ದ ನಮ್ಮ ಗುಕೇಶ್‌ಗೂ ಕೂಡಲೇ ಕಾಣಲಿಲ್ಲ ಎಂದು ಆಮೇಲೆ ಅವರೇ ಹೇಳಿದರು. ಬೇರೆ ನಡೆ ಆಡುವವರಿದ್ದರು. ಆಮೇಲೆ ಕಂಡಿತು: ಆನೆಗಳು ಹೊಡೆದಾಡಿಕೊಂಡ ಮೇಲೆ ತನ್ನ ಒಂಟೆಯನ್ನು ಡಿ5ಕ್ಕೆ ಇಟ್ಟರೆ ಮೂಲೆಯ ಒಂಟೆಗೆ ತಪ್ಪಿಸಿಕೊಳ್ಳುವ ದಾರಿ ಇಲ್ಲ, ಅದೂ ಹೋಗಿ ಉಳಿಯುವುದು ರಾಜ ಮತ್ತು ಪಾನ್‌ಗಳು ಮಾತ್ರ, ಆ ಆಟ ಗೆದ್ದಂತೆಯೇ. ರಾಜ ಪಾನ್‌ಗಳ ಎಂಡ್‌ಗೇಮ್ ಚೆನ್ನಾಗಿ ಬಾರದವರಿಗೆ ಆ ಸ್ಥಿತಿಯನ್ನು ನೋಡಿ ಧೈರ್ಯ ಬರುವುದಿಲ್ಲ. 18 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದದ್ದು ಹಾಗೆ.

“ಏನೋ ಇದೆ” ಎಂದು ಯಾರೂ ಹೇಳದಿದ್ದಾಗಲೂ ಕಾಣಬೇಕಾದರೆ ಅಭ್ಯಾಸವನ್ನು ಸ್ವಲ್ಪ ಬದಲಿಸಬೇಕು. ಫೋರ್ಕ್ (ಒಂದೇ ಕಾಯಿಯಿಂದ ಎರಡರ ಮೇಲೆ ದಾಳಿ) ಮಾತ್ರ, ಪಿನ್ (ಹಿಂದಿನ ಕಾಯಿಗಾಗಿ ಮುಂದಿನದನ್ನು ಕಟ್ಟಿಹಾಕುವುದು) ಮಾತ್ರ ಎಂದು ವಿಂಗಡಿಸಿದ ಪಜಲ್‌ಗಳನ್ನು ಕಲಿಯುವ ಮೊದಲ ವಾರಕ್ಕೆ ಇಟ್ಟುಕೊಂಡು, ಆಮೇಲೆ ಎಲ್ಲ ಕಲಸಿಬಿಡಿ. ನಾನು ಐದರಲ್ಲಿ ಒಂದು ಸ್ಥಿತಿಯನ್ನು ಏನೂ ಇಲ್ಲದ್ದಾಗಿ ಇಡುತ್ತೇನೆ. “ಇಲ್ಲಿ ಯಾವ ಉಪಾಯವೂ ಫಲಿಸುವುದಿಲ್ಲ, ಒಂಟೆಯನ್ನು ಒಳ್ಳೆಯ ಮನೆಗೆ ತರುತ್ತೇನೆ” ಎಂದು ಬರೆದವರಿಗೆ ಪೂರ್ತಿ ಅಂಕ. ಇನ್ನು ನಿಮ್ಮದೇ ಆಟಗಳು. ಟೂರ್ನಮೆಂಟಿನ ಸ್ಕೋರ್‌ಷೀಟ್ (ನಡೆಗಳನ್ನು ಬರೆದ ಹಾಳೆ) ಮನೆಗೆ ತಂದು, ಎದುರಾಳಿ ತಪ್ಪು ನಡೆ ಆಡಿದ ಜಾಗದಲ್ಲಿ ನಿಲ್ಲಿಸಿ, ಅದನ್ನೇ ಪಜಲ್ ಮಾಡಿಕೊಳ್ಳಿ. ಆಟದಲ್ಲಿ ಪ್ರತಿ ಸಲ ಎದುರಾಳಿ ನಡೆದ ಮೇಲೆ ಎರಡು ಪ್ರಶ್ನೆ ಸಾಕು: ಆ ಕಾಯಿ ಈಗ ಏನನ್ನು ನೋಡುತ್ತಿದೆ? ಬಿಟ್ಟುಬಂದ ಜಾಗದಲ್ಲಿ ಏನನ್ನು ಕಾಯುವುದು ನಿಂತುಹೋಯಿತು?

ಟೂರ್ನಮೆಂಟ್ ದಿನ ಬೆಳಿಗ್ಗೆ ಹೊಸ ಪಜಲ್ ಬೇಡ. ತಪ್ಪಿದರೆ ಮನಸ್ಸು ಕುಗ್ಗುತ್ತದೆ. ಹಳೆಯ ಕಟ್ಟಿನಿಂದ ನಾಲ್ಕೈದು ಸುಲಭದ್ದನ್ನು ನೋಡಿ, ತಿಂಡಿ ತಿಂದು ಹೊರಡಿ.

ಕೊನೆಗೆ ನಿಮಗೊಂದು ಪಜಲ್. ರಿಚರ್ಡ್ ರೇಟಿ 1921ರಲ್ಲಿ ಪ್ರಕಟಿಸಿದ್ದು. ಬಿಳಿ ರಾಜ ಎಚ್8, ಬಿಳಿ ಪಾನ್ ಸಿ6. ಕಪ್ಪು ರಾಜ ಎ6, ಕಪ್ಪು ಪಾನ್ ಎಚ್5. ಬಿಳಿಯ ನಡೆ, ಬಿಳಿ ಡ್ರಾ ಮಾಡಬೇಕು. ಕಪ್ಪು ಪಾನ್ ನಾಲ್ಕೇ ನಡೆಯಲ್ಲಿ ರಾಣಿಯಾಗುತ್ತದೆ, ಬಿಳಿ ರಾಜ ಅದರ ಹಿಂದೆ ಓಡಿದರೆ ಸಿಗುವುದಿಲ್ಲ. ಬಿಳಿ ಪಾನ್ ಒಂದೇ ಓಡಿದರೆ ಕಪ್ಪು ರಾಜ ಹಿಡಿದುಬಿಡುತ್ತಾನೆ. ರಾಜ ಓರೆಯಾಗಿ ನಡೆದರೆ ಎರಡು ಕಡೆಗೂ ಹತ್ತಿರವಾಗುತ್ತಾನೆ, ನನ್ನ ಸುಳಿವು ಇಷ್ಟೇ. ಉತ್ತರವನ್ನು ಎಲ್ಲೂ ಹುಡುಕದೆ ಬೋರ್ಡ್ ಜೋಡಿಸಿ ಕೂರಿ. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರಬೇಕು: ಕಪ್ಪಿನವರು ಪಾನ್ ಓಡಿಸುತ್ತಲೇ ಹೋದರೆ ಒಂದು, ನಡುವೆ ನಿಲ್ಲಿಸಿ ರಾಜನನ್ನು ಸಿ6ರ ಪಾನ್ ಹೊಡೆಯಲು ಕಳಿಸಿದರೆ ಇನ್ನೊಂದು. ಎರಡರಲ್ಲೂ ಡ್ರಾ ಬಂದರೆ ಮಾತ್ರ ಪಕ್ಕದಲ್ಲಿ ಸರಿ ಗುರುತು ಹಾಕಿ.